ಫೇರಿಂಗ್ ಇರುವ ಸ್ಪೋರ್ಟ್ಸ್ ಬೈಕಿಗೆ ಹೊಸ ಎಕ್ಸಾಸ್ಟ್: ಬಿಚ್ಚುವುದರಿಂದ ಬಿಗಿಯುವವರೆಗೆ

ಸೈಲೆನ್ಸರ್ ಬದಲಿಸುವುದು ಅಂಥ ದೊಡ್ಡ ವಿದ್ಯೆಯೇನಲ್ಲ. ಫೇರಿಂಗ್, ಅಂದರೆ ಪ್ಲಾಸ್ಟಿಕ್ ಹೊದಿಕೆ, ಇಲ್ಲದ ಬೈಕಾದರೆ ಒಂದು ಕ್ಲ್ಯಾಂಪು, ಒಂದೆರಡು ಬೋಲ್ಟು, ಅಲ್ಲಿಗೆ ಮುಗೀತು. ನಿಂಜಾ 300, ಯಮಾಹಾ ಆರ್3, ಕೆಟಿಎಂ ಆರ್‌ಸಿ 390 ತರಹ ಮೈತುಂಬ ಪ್ಲಾಸ್ಟಿಕ್ ಹೊದ್ದ ಬೈಕಿನ ಕತೆ ಬೇರೆ. ಇಲ್ಲಿ ಪೈಪಿನ ಕೆಲಸ ಕಾಲು ಭಾಗ, ಫೇರಿಂಗ್ ಕೆಲಸ ಮುಕ್ಕಾಲು ಭಾಗ. ಪೈಪು ಎಷ್ಟೇ ಚೆನ್ನಾಗಿ ಕೂತರೂ, ನಾಲ್ಕು ಕಿಲೋಮೀಟರ್ ಹೋಗುವಷ್ಟರಲ್ಲಿ ಕೆಳಗಿನ ಕೌಲ್ (ಫೇರಿಂಗ್‌ನ ಒಂದು ತುಂಡು) ಕರಗಿ ವಾಸನೆ ಹೊಡೆದರೆ ಏನು ಬಂತು?

ಆದ್ದರಿಂದ ಈ ಬರಹದಲ್ಲಿ ಒಂದೇ ಹಟ ಇಟ್ಟುಕೊಂಡಿದ್ದೇನೆ. ಬೈಕಿನ ಮೂಲ ಭಾಗ ಯಾವುದನ್ನೂ ಕತ್ತರಿಸಬಾರದು, ಕೊರೆಯಬಾರದು, ವೆಲ್ಡ್ ಮಾಡಬಾರದು. ಇವತ್ತು ಹಾಕಿದ್ದನ್ನು ನಾಳೆ ತೆಗೆದು ಕಂಪನಿ ಸೈಲೆನ್ಸರನ್ನೇ ಮತ್ತೆ ಕೂರಿಸುವಂತಿರಬೇಕು. ಯಾಕೆ ಅಂತ ಮೊದಲು ಹೇಳಿಬಿಡುತ್ತೇನೆ.

ಮೊದಲು ಕಾನೂನು, ಆಮೇಲೆ ಸ್ಪ್ಯಾನರ್

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದ ಹಾಗೆ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದಿಂದ ಬಂದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಒತ್ತಿ ಹೇಳಿತು. ಅದೇ ವರ್ಷದ ತಿದ್ದುಪಡಿಯ ನಂತರ 182ಎ ಸೆಕ್ಷನ್‌ನಲ್ಲಿ ಒಪ್ಪಿಗೆಯಿಲ್ಲದ ಪ್ರತಿ ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಇದೆ. ಶಬ್ದ, ಹೊಗೆಯ ಮಿತಿ ಮೀರಿದರೆ 190ನೇ ಸೆಕ್ಷನ್ ಬರುತ್ತದೆ. ಅಲ್ಲಿ ಮೊದಲ ಸಲವೇ 10,000 ರೂಪಾಯಿವರೆಗೆ ದಂಡಕ್ಕೆ, ಮೂರು ತಿಂಗಳವರೆಗೆ ಜೈಲಿಗೆ ಅವಕಾಶವಿದೆ. ಮೂರು ತಿಂಗಳು ಲೈಸೆನ್ಸೂ ಕೈತಪ್ಪುತ್ತದೆ.

ಬೈಕ್ ಕಾರ್ಖಾನೆಯಿಂದ ಹೊರಬರುವಾಗ ಪಾಸಾಗಬೇಕಾದ ಶಬ್ದದ ಮಿತಿ 80ರಿಂದ 175 ಸಿಸಿವರೆಗೆ 77 ಡೆಸಿಬಲ್, 175 ಸಿಸಿ ದಾಟಿದರೆ 80 ಡೆಸಿಬಲ್. ಡಿಬಿ ಕಿಲ್ಲರ್, ಅಂದರೆ ಸೈಲೆನ್ಸರ್ ಬಾಯಿಯೊಳಗೆ ಕೂತು ಸದ್ದು ತಗ್ಗಿಸುವ ತುಂಡು, ತೆಗೆದ ಯಾವ ರೇಸಿಂಗ್ ಸೈಲೆನ್ಸರೂ ಇದರ ಹತ್ತಿರ ಸುಳಿಯುವುದಿಲ್ಲ. ‘ಸಾರ್, ಇದಕ್ಕೆ ಯುರೋಪಿನ ಇ ಮಾರ್ಕ್ ಇದೆ, ಪೊಲೀಸ್ರು ಏನೂ ಮಾಡಲ್ಲ’ ಅಂತ ಅಂಗಡಿಯವರು ಹೇಳುತ್ತಾರೆ. ಇ ಮಾರ್ಕ್ ಯುರೋಪಿನ ನಿಯಮಕ್ಕೆ. ನಮ್ಮ ಪೊಲೀಸರು ನೋಡುವುದು ಕಂಪನಿ ಕೊಟ್ಟದ್ದು ಇದೆಯೋ ಇಲ್ಲವೋ ಅಂತ. ಜಪ್ತಿ ಮಾಡಿದ ಸೈಲೆನ್ಸರುಗಳನ್ನು ರಸ್ತೆಯಲ್ಲಿ ಸಾಲಾಗಿ ಜೋಡಿಸಿ ರೋಡ್ ರೋಲರ್ ಹತ್ತಿಸುವ ವಿಡಿಯೋಗಳನ್ನು ನೀವೂ ನೋಡಿರುತ್ತೀರಿ.

ಹಾಗಾದರೆ ಈ ಪೈಪು ಯಾಕೆ ಬೇಕು? ರೇಸ್ ಟ್ರ್ಯಾಕಿಗೆ. ಬೆಂಗಳೂರಿನ ಸವಾರರಿಗೆ ಹತ್ತಿರದ್ದು ಎರಡು: ಚೆನ್ನೈ ದಾರಿಯಲ್ಲಿ ಶ್ರೀಪೆರಂಬುದೂರಿನ ಬಳಿ ಇರುಂಗಾಟ್ಟುಕೋಟ್ಟೈ ಟ್ರ್ಯಾಕ್, ಕೊಯಮತ್ತೂರಿನ ಕರಿ ಸ್ಪೀಡ್‌ವೇ. ಟ್ರ್ಯಾಕ್ ಡೇಗೆ, ಅಂದರೆ ಸ್ವಂತ ಬೈಕನ್ನು ಟ್ರ್ಯಾಕಿನಲ್ಲಿ ಓಡಿಸುವ ದಿನಕ್ಕೆ, ಹೋಗುವವರು ಕಂಪನಿ ಸೈಲೆನ್ಸರ್ ಹಾಕಿಕೊಂಡೇ ಓಡಿಸಿಕೊಂಡು ಹೋಗಿ ಪಿಟ್‌ನಲ್ಲಿ (ಟ್ರ್ಯಾಕಿನ ಪಕ್ಕದ ರಿಪೇರಿ ಜಾಗ) ಬದಲಿಸುತ್ತಾರೆ, ಇಲ್ಲವೇ ಬೈಕನ್ನು ಟೆಂಪೋದಲ್ಲಿ ಹಾಕಿಕೊಂಡು ಹೋಗುತ್ತಾರೆ. ಈ ಬರಹ ಅವರಿಗಾಗಿ.

ಯಾವ ಪೈಪು ತರಬೇಕು

ಎಕ್ಸಾಸ್ಟ್‌ನಲ್ಲಿ ಮೂರು ಭಾಗ ಇರುತ್ತದೆ. ಎಂಜಿನ್‌ನಿಂದ ಹೊರಡುವ ಬೆಂಡ್ ಪೈಪು, ಅಂದರೆ ಹೆಡರ್. ನಡುವಿನ ಲಿಂಕ್ ಪೈಪು. ಕೊನೆಗೆ ಸೈಲೆನ್ಸರ್. ಕೊನೆಯದನ್ನು ಮಾತ್ರ ಬದಲಿಸಿದರೆ ಅದು ಸ್ಲಿಪ್ ಆನ್. ಮೂರನ್ನೂ ಬದಲಿಸಿದರೆ ಫುಲ್ ಸಿಸ್ಟಮ್.

ಮೊದಲ ಸಲ ಮಾಡುವವರಿಗೆ ನನ್ನ ಸಲಹೆ ಕಣ್ಣು ಮುಚ್ಚಿ ಸ್ಲಿಪ್ ಆನ್. 300 ಸಿಸಿ ಬೈಕಿನಲ್ಲಿ ಇದರಿಂದ ಸಿಗುವ ನಿಜವಾದ ಲಾಭ ತೂಕ. ಕಂಪನಿ ಸೈಲೆನ್ಸರ್ ಕೈಯಲ್ಲಿ ಹಿಡಿದು ನೋಡಿ, ಹೊಸದನ್ನು ಹಿಡಿದು ನೋಡಿ, ಗೊತ್ತಾಗುತ್ತದೆ. ಪವರ್ ಜಾಸ್ತಿ ಆಯ್ತು ಅನ್ನಿಸುವುದು ಬಹುಪಾಲು ಸದ್ದಿನ ಮಹಿಮೆ. ಫುಲ್ ಸಿಸ್ಟಮ್‌ನಿಂದ ಸ್ವಲ್ಪ ಪವರ್ ಬರುತ್ತದೆ ನಿಜ. ಆದರೆ ಅದರ ಜೊತೆಗೆ ಇಸಿಯು (ಎಷ್ಟು ಪೆಟ್ರೋಲ್ ಬಿಡಬೇಕು ಅಂತ ಲೆಕ್ಕ ಹಾಕುವ ಎಂಜಿನ್ ಕಂಪ್ಯೂಟರ್) ಟ್ಯೂನಿಂಗ್ ಖರ್ಚೂ ಬರುತ್ತದೆ.

ದುಡ್ಡು ಕೊಡುವ ಮುಂಚೆ ಬೈಕಿನ ಕೆಳಗೆ ಒಮ್ಮೆ ಬಗ್ಗಿ ನೋಡಿ. 2017ರ ನಂತರದ ನಿಂಜಾ 650ರಲ್ಲಿ ಹೆಡರ್ ಮತ್ತು ಸೈಲೆನ್ಸರ್ ಒಂದೇ ತುಂಡು, ಎಂಜಿನ್ ಹೊಟ್ಟೆಯ ಕೆಳಗೇ ಇರುತ್ತದೆ. ಅದನ್ನು ಕತ್ತರಿಸದೆ ಸ್ಲಿಪ್ ಆನ್ ಕೂರುವುದಿಲ್ಲ. ಆರ್‌ಸಿ 390ರ ಮೊದಲ ಮಾಡೆಲ್‌ಗಳಲ್ಲೂ ಸೈಲೆನ್ಸರ್ ಹೊಟ್ಟೆಯ ಕೆಳಗೆ, ನಂತರದವುಗಳಲ್ಲಿ ಪಕ್ಕಕ್ಕೆ. ‘ಆರ್‌ಸಿ 390ಗೆ’ ಅಂತ ಬರೆದದ್ದನ್ನೇ ನಂಬಿ ಕೊಂಡರೆ ತಲೆನೋವು. ವರ್ಷ, ಬಿಎಸ್4ಓ ಬಿಎಸ್6ಓ, ಎರಡನ್ನೂ ಹೇಳಿಯೇ ತನ್ನಿ.

ಇನ್ನೊಂದು, ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಎಲ್ಲಿದೆ ಅನ್ನುವುದು. ಕೆಲವು ಬೈಕಿನಲ್ಲಿ ಅದು ಹೆಡರ್ ಕೊನೆಗೆ ಉಬ್ಬಿದ ಡಬ್ಬಿಯ ಹಾಗೆ ಕಾಣುತ್ತದೆ, ಕೆಲವದರಲ್ಲಿ ಸೈಲೆನ್ಸರ್ ಒಳಗೇ ಇರುತ್ತದೆ. ಒಳಗಿದ್ದರೆ ಸೈಲೆನ್ಸರ್ ತೆಗೆದ ಕೂಡಲೇ ಅದೂ ಹೋದ ಹಾಗೆ. ಹೊಗೆ ತಪಾಸಣೆಗೆ ಹೋಗುವ ದಿನ ಕಂಪನಿಯದ್ದು ಮತ್ತೆ ಹಾಕಲೇಬೇಕು.

ಡೂಪ್ಲಿಕೇಟ್ ಬಗ್ಗೆ ಎರಡೇ ಮಾತು. ಅಕ್ರಪೋವಿಚ್, ಯೋಶಿಮುರಾ, ಎಸ್‌ಸಿ ಪ್ರಾಜೆಕ್ಟ್ ಹೆಸರಿನ ಬ್ಯಾಡ್ಜು ಕೆಲವು ಸಾವಿರಕ್ಕೆ ಸಿಗುತ್ತಿದ್ದರೆ ಅದು ಬ್ಯಾಡ್ಜಿನ ಬೆಲೆ ಅಷ್ಟೇ, ಪೈಪಿನದ್ದಲ್ಲ. ಅಂಥವುಗಳಲ್ಲಿ ಪೈಪಿನ ಬಾಯಿಯ ಅಳತೆ ಒಂದೆರಡು ಮಿಲಿಮೀಟರ್ ಹೆಚ್ಚುಕಮ್ಮಿ ಇದ್ದರೆ ಎಷ್ಟು ಕ್ಲ್ಯಾಂಪು ಬಿಗಿದರೂ ಸೋರುತ್ತದೆ. ಅಂಗಡಿಗೆ ಹೋಗುವಾಗ ನಿಮ್ಮ ಲಿಂಕ್ ಪೈಪಿನ ಹೊರಗಿನ ವ್ಯಾಸವನ್ನು ವರ್ನಿಯರ್‌ನಲ್ಲಿ ಅಳೆದು ಬರೆದುಕೊಂಡು ಹೋಗಿ. ಬ್ರಾಂಡಿಗಿಂತ ಈ ಒಂದು ಅಂಕಿ ಮುಖ್ಯ.

ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಬೇಕಾದ್ದು

8, 10, 12 ಮತ್ತು 14ರ ಸಾಕೆಟ್, ಉದ್ದ ಎಕ್ಸ್‌ಟೆನ್ಷನ್ ರಾಡು, 4, 5, 6ರ ಅಲನ್ ಕೀ, ಎಷ್ಟು ಬಿಗಿಯಾಯ್ತು ಅಂತ ಅಳೆಯುವ ಟಾರ್ಕ್ ರೆಂಚ್, ಪೈಪುಗಳನ್ನು ಜೋಡಿಸಿ ಹಿಡಿಯುವ ಸ್ಪ್ರಿಂಗ್ ಎಳೆಯುವ ಕೊಕ್ಕೆ, ರಬ್ಬರ್ ಸುತ್ತಿಗೆ, ಮಾಸ್ಕಿಂಗ್ ಟೇಪು, ಡಬ್ಲ್ಯುಡಿ-40 ತರಹದ ತುಕ್ಕು ಬಿಡಿಸುವ ಎಣ್ಣೆ, ಬೋಲ್ಟು ಹಿಡಿದುಕೊಳ್ಳದ ಹಾಗೆ ಹಚ್ಚುವ, ತಾಮ್ರದ ಪುಡಿ ಇರುವ ಆ್ಯಂಟಿ ಸೀಜ್ ಪೇಸ್ಟು. ಇವು ಸಾಕು. ಜೋಡಣೆಯಲ್ಲಿ ಸೋರದಂತೆ ಇಡುವ ಪ್ಯಾಕಿಂಗ್ (ಗ್ಯಾಸ್ಕೆಟ್) ಮಾತ್ರ ಹೊಸದೇ ಇರಬೇಕು. ಹೆಡರ್ ಬಿಚ್ಚುವುದಾದರೆ ಸಿಲಿಂಡರಿಗೆ ಒಂದರಂತೆ ಹೆಡರ್ ಪ್ಯಾಕಿಂಗು, ಸ್ಲಿಪ್ ಆನ್ ಆದರೆ ಜೋಡಣೆಯ ಜಾಗದ ಗ್ರಾಫೈಟ್ ಬುಷ್. ಹೆಡರ್ ಪ್ಯಾಕಿಂಗ್ ಒಮ್ಮೆ ಒತ್ತಿ ಚಪ್ಪಟೆಯಾದರೆ ಮುಗೀತು, ಎರಡನೇ ಸಲ ಅದು ಸೀಲ್ ಮಾಡುವುದಿಲ್ಲ. ನೂರಿನ್ನೂರು ರೂಪಾಯಿ ಉಳಿಸಲು ಹೋಗಿ ಇಡೀ ಫೇರಿಂಗ್ ಮತ್ತೊಮ್ಮೆ ಬಿಚ್ಚುವವರನ್ನು ನೋಡಿದ್ದೇನೆ.

ಪ್ಯಾಡಾಕ್ ಸ್ಟ್ಯಾಂಡ್ ಇದ್ದರೆ ಒಳ್ಳೆಯದು. ಬೈಕು ನೇರ ನಿಂತರೆ ಎರಡೂ ಕಡೆ ಕೆಲಸ ಮಾಡಬಹುದು, ಪೈಪು ಸೊಟ್ಟ ಇದೆಯೋ ನೆಟ್ಟಗಿದೆಯೋ ಕಣ್ಣಿಗೇ ಕಾಣುತ್ತದೆ. ಎಂಜಿನ್ ಪೂರ್ತಿ ತಣ್ಣಗಿರಬೇಕು. ಬೆಳಿಗ್ಗೆ ಶುರು ಮಾಡುವುದೇ ಒಳ್ಳೆಯದು. ಹಿಂದಿನ ರಾತ್ರಿಯೇ ಹೆಡರ್ ನಟ್ಟಿಗೆ, ಕ್ಲ್ಯಾಂಪ್ ಬೋಲ್ಟಿಗೆ ತುಕ್ಕಿನ ಎಣ್ಣೆ ಹೊಡೆದು ಬಿಟ್ಟಿದ್ದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ಮಂಗಳೂರು, ಉಡುಪಿ, ಕಾರವಾರದ ಕಡೆಯ ಬೈಕಾದರೆ ಎರಡು ರಾತ್ರಿ ಬಿಡಿ. ಉಪ್ಪುಗಾಳಿ ಮತ್ತು ಮಳೆ ಸೇರಿ ಆ ನಟ್ಟುಗಳನ್ನು ಹಿಡಿದಿಟ್ಟಿರುತ್ತವೆ.

ಫೇರಿಂಗ್ ಬಿಚ್ಚುವುದು

ಸ್ಲಿಪ್ ಆನ್ ಮಾತ್ರ ಆದರೆ ಹೆಚ್ಚಿನ ಬೈಕಿನಲ್ಲಿ ಫೇರಿಂಗ್ ಪೂರ್ತಿ ತೆಗೆಯಬೇಕಿಲ್ಲ. ಬಲಗಡೆಯ ಕೆಳಗಿನ ಕೌಲ್ ತೆಗೆದರೆ ಕ್ಲ್ಯಾಂಪಿಗೆ ಕೈ ಹೋಗುತ್ತದೆ. ಫುಲ್ ಸಿಸ್ಟಮ್ ಆದರೆ ಎರಡೂ ಪಕ್ಕದ ಕೌಲ್, ಹೊಟ್ಟೆಯ ಕೆಳಗಿನದು, ಎಲ್ಲವೂ ಹೊರಗೆ ಬರಬೇಕು.

ಒಂದು ದೊಡ್ಡ ರಟ್ಟು ತೆಗೆದುಕೊಳ್ಳಿ. ಅದರ ಮೇಲೆ ಬಲಗಡೆ ಕೌಲ್, ಎಡಗಡೆ ಕೌಲ್ ಅಂತ ಒರಟಾಗಿ ಚಿತ್ರ ಬರೆಯಿರಿ. ಬಿಚ್ಚಿದ ಪ್ರತಿ ಬೋಲ್ಟನ್ನೂ ಅದು ಇದ್ದ ಜಾಗಕ್ಕೆ ಸರಿಯಾಗಿ ರಟ್ಟಿನಲ್ಲಿ ಚುಚ್ಚಿಡಿ. ಇದನ್ನು ನೋಡಿ ನಗುವವರು ಇರುತ್ತಾರೆ, ನಗಲಿ ಬಿಡಿ. ಫೇರಿಂಗ್ ಬೋಲ್ಟುಗಳು ನೋಡಲು ಒಂದೇ ತರಹ, ಉದ್ದ ಮಾತ್ರ ಬೇರೆ ಬೇರೆ. ಉದ್ದದ್ದನ್ನು ಗಿಡ್ಡದರ ಜಾಗಕ್ಕೆ ಹಾಕಿದರೆ ತುದಿ ಒಳಗೆ ಚಾಚಿ ವೈರಿಂಗ್‌ಗೋ ರೇಡಿಯೇಟರ್ ಪೈಪಿಗೋ ಉಜ್ಜುತ್ತದೆ. ಅದು ತಿಂಗಳುಗಟ್ಟಲೆ ಗೊತ್ತೇ ಆಗುವುದಿಲ್ಲ.

ಬೋಲ್ಟಿನ ಜೊತೆ ಪ್ಲಾಸ್ಟಿಕ್ ಪುಶ್ ರಿವೆಟ್‌ಗಳೂ ಇರುತ್ತವೆ. ಕೆಲವದರ ನಡುವಿನ ಪಿನ್ನನ್ನು ಒಳಗೆ ಒತ್ತಿದರೆ ಸಡಿಲವಾಗುತ್ತದೆ, ಕೆಲವದರಲ್ಲಿ ಮೇಲಕ್ಕೆ ಎತ್ತಬೇಕು. ಮೊದಲು ಮೆಲ್ಲಗೆ ಒತ್ತಿ ನೋಡಿ. ಒಳಗೆ ಹೋಗದಿದ್ದರೆ ಚಪ್ಪಟೆ ಸ್ಕ್ರೂಡ್ರೈವರ್‌ನಿಂದ ಎತ್ತಿ. ಅಂಚಿಗೆ ಮಾಸ್ಕಿಂಗ್ ಟೇಪ್ ಹಚ್ಚಿಕೊಂಡರೆ ಪೇಂಟಿಗೆ ಗೀರು ಬೀಳುವುದಿಲ್ಲ.

ಎಲ್ಲ ಬಿಚ್ಚಿದ ಮೇಲೂ ಕೌಲ್ ಬರದಿದ್ದರೆ ಎಳೆಯಬೇಡಿ. ಎಲ್ಲೋ ಒಂದು ಬೋಲ್ಟು ಉಳಿದಿದೆ, ಅಥವಾ ಒಳಗಿನ ಮೂತಿಯೊಂದು ರಬ್ಬರ್ ಗ್ರಾಮೆಟ್‌ನಲ್ಲಿ ಸಿಕ್ಕಿಕೊಂಡಿದೆ. ಬೋಲ್ಟು ಇಲ್ಲ ಅಂತ ಖಾತ್ರಿಯಾದ ಮೇಲೆ ಅಂಗೈಯನ್ನು ಕೌಲ್‌ನ ಹಿಂದೆ ಹಾಕಿ, ಮೂತಿ ಇರುವ ಜಾಗದ ಹತ್ತಿರವೇ ಹಿಡಿದು, ನೇರವಾಗಿ ಹೊರಕ್ಕೆ ತಳ್ಳಿ. ದೂರದ ಅಂಚು ಹಿಡಿದು ಜಗ್ಗಿದರೆ ಮೂತಿ ಲಟಕ್ಕನೆ ಮುರಿಯುತ್ತದೆ. ಕೌಲ್ ಸಡಿಲವಾದ ಕೂಡಲೇ ಪೂರ್ತಿ ಎತ್ತಿಕೊಂಡು ಹೊರಡಬೇಡಿ. ಇಂಡಿಕೇಟರ್ ವೈರು ಇನ್ನೂ ಒಳಗೆ ಸೇರಿಕೊಂಡಿರುತ್ತದೆ. ಕನೆಕ್ಟರ್‌ನ ಲಾಕ್ ಒತ್ತಿ ಬಿಡಿಸಿ. ವೈರು ಹಿಡಿದು ಎಳೆಯಬಾರದು.

ಬಿಚ್ಚಿದ ಪ್ಲಾಸ್ಟಿಕ್ಕನ್ನು ಹಳೆಯ ಕಂಬಳಿಯ ಮೇಲೆ, ಪೇಂಟ್ ಮೇಲ್ಮುಖ ಮಾಡಿ ಇಡಿ. ಮಕ್ಕಳು, ನಾಯಿ, ನೆರೆಮನೆಯವರ ಸ್ಕೂಟರ್ ಯಾವುದೂ ಹಾದುಹೋಗದ ಮೂಲೆ ನೋಡಿಕೊಳ್ಳಿ.

ಹಳೆಯದನ್ನು ಇಳಿಸುವುದು

ಸೈಲೆನ್ಸರ್ ಮೊದಲು. ಕ್ಲ್ಯಾಂಪ್ ಸಡಿಲಿಸಿ, ಫುಟ್‌ರೆಸ್ಟ್ ಬ್ರಾಕೆಟ್ಟಿಗೆ ನೇತುಹಾಕಿದ ಬೋಲ್ಟನ್ನು ಬಿಚ್ಚುವಾಗ ಇನ್ನೊಂದು ಕೈಯಲ್ಲಿ ಸೈಲೆನ್ಸರ್ ಹಿಡಿದುಕೊಳ್ಳಿ. ಸುಮ್ನೆ ಬೀಳಲು ಬಿಟ್ಟರೆ ಲಿಂಕ್ ಪೈಪಿನ ಬಾಯಿ ಬಾಗುತ್ತದೆ. ಎಳೆದರೂ ಬರದಿದ್ದರೆ ಎಡಕ್ಕೆ ಬಲಕ್ಕೆ ತಿರುಗಿಸುತ್ತಾ ಹಿಂದಕ್ಕೆ ಎಳೆಯಿರಿ, ಜೋಡಣೆಯ ಜಾಗದಲ್ಲಿ ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಒಳಗಿನ ಬುಷ್ ಅಂಟಿಕೊಂಡಿರುತ್ತದೆ, ಅಷ್ಟೇ.

ಫುಲ್ ಸಿಸ್ಟಮ್ ಆದರೆ ಈಗ ಹೆಡರ್ ನಟ್ಟು. ಇಡೀ ಕೆಲಸದಲ್ಲಿ ನಿಜಕ್ಕೂ ಹೆದರಬೇಕಾದ ಜಾಗ ಇದೊಂದೇ. ಎಂಜಿನ್ನಿನ ಅಲ್ಯೂಮಿನಿಯಂ ಹೆಡ್ಡಿನೊಳಗೆ ಸ್ಟೀಲಿನ ಸ್ಟಡ್ (ತಲೆಯಿಲ್ಲದ ಬೋಲ್ಟು) ಇದೆ, ಅದರ ಮೇಲೆ ನಟ್ಟು. ವರ್ಷಗಟ್ಟಲೆ ಬಿಸಿ ತಿಂದಿದೆ. ಸ್ಟಡ್ ಮುರಿದರೆ ಲೇತ್ ಅಂಗಡಿ, ಡ್ರಿಲ್ಲಿಂಗ್, ಕೆಲವೊಮ್ಮೆ ಹೆಡ್ಡೇ ಬಿಚ್ಚುವ ಹಂತಕ್ಕೆ ಹೋಗುತ್ತದೆ. ಆರು ಮೂಲೆಯ ಸಾಕೆಟ್ಟನ್ನೇ ಹಾಕಿ, ಹನ್ನೆರಡು ಮೂಲೆಯದ್ದು ಬೇಡ. ಒಂದೇ ಪಟ್ಟಿಗೆ ಬಿಚ್ಚಲು ಹೋಗಬೇಡಿ. ಕಾಲು ಸುತ್ತು ಸಡಿಲಿಸಿ, ಸ್ವಲ್ಪ ವಾಪಸ್ ಬಿಗಿಯಿರಿ, ಮತ್ತೆ ಸಡಿಲಿಸಿ. ಹೀಗೆ ತುಕ್ಕಿನ ಪುಡಿ ಹೊರಗೆ ಬರುತ್ತಾ ಹೋಗುತ್ತದೆ. ಕಿರ್ರ್ ಅನ್ನುತ್ತಾ ತಿರುಗಿದರೆ ಒಳ್ಳೆಯದು. ಸದ್ದಿಲ್ಲದೆ ರಬ್ಬರಿನ ಹಾಗೆ ಮೆತ್ತಗೆ ತಿರುಗಿದರೆ ಅಲ್ಲೇ ನಿಲ್ಲಿಸಿ, ಸ್ಟಡ್ ತಿರುಚಿಕೊಳ್ಳುತ್ತಿದೆ ಅಂತ ಅರ್ಥ. ಎಣ್ಣೆ ಹೊಡೆದು ಇನ್ನೊಂದು ದಿನ ಕಾಯಿರಿ. ಕೆಲವೊಮ್ಮೆ ನಟ್ಟಿನ ಜೊತೆ ಸ್ಟಡ್ಡೂ ಪೂರ್ತಿ ಬಿಚ್ಚಿಕೊಂಡು ಬರುತ್ತದೆ. ಅದು ಪರವಾಗಿಲ್ಲ, ಹೊಸ ಸ್ಟಡ್ ಹಾಕಿದರಾಯ್ತು.

ರೇಡಿಯೇಟರ್ ಅಡ್ಡ ಬಂದರೆ ಅದರ ಕೆಳಗಿನ ಬೋಲ್ಟು ಬಿಚ್ಚಿ ಸ್ವಲ್ಪ ಮುಂದಕ್ಕೆ ತಳ್ಳಿ. ಹೋಸ್ ಬಿಚ್ಚುವ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ. ಹಿಂಭಾಗದ ರೆಕ್ಕೆಗಳಿಗೆ ಒಂದು ರಟ್ಟು ಅಂಟಿಸಿ, ಸಾಕೆಟ್ ತಾಗಿದರೆ ಅವು ಮಡಚಿಕೊಳ್ಳುತ್ತವೆ.

ಹೊಗೆಯಲ್ಲಿನ ಆಮ್ಲಜನಕ ಅಳೆದು ಇಸಿಯುಗೆ ಹೇಳುವ ಆಕ್ಸಿಜನ್ ಸೆನ್ಸರ್ ಅನ್ನು ಮೊದಲು ವೈರಿನ ಕಡೆಯಿಂದ ಬಿಡಿಸಿ, ಆಮೇಲೆ ಪೈಪಿನಿಂದ. ವೈರು ಸಿಕ್ಕಿಸಿಕೊಂಡೇ ತಿರುಗಿಸಿದರೆ ಅದೂ ಜೊತೆಗೆ ಮುರಿಗೆ ಹಾಕಿಕೊಳ್ಳುತ್ತದೆ. ವೈರು ಹಾದುಹೋಗಲು ಪಕ್ಕದಲ್ಲಿ ಸೀಳು ಇರುವ ಸೆನ್ಸರ್ ಸಾಕೆಟ್ ಸಿಗುತ್ತದೆ, ತಂದಿಟ್ಟುಕೊಳ್ಳಿ. ಹೊಸ ಹೆಡರಿನಲ್ಲಿ ಸೆನ್ಸರ್ ಕೂರುವ ತೂತು ಇದೆಯೋ, ಇದ್ದರೆ ನಿಮ್ಮ ಸೆನ್ಸರಿನ ಅಳತೆಯದ್ದೋ ಅಂತ ಈಗಲೇ ನೋಡಿ. ಕೆಲವು ಬೈಕಿಗೆ ಎಂ18 (18 ಮಿಲಿಮೀಟರ್ ಥ್ರೆಡ್), ಕೆಲವಕ್ಕೆ ಎಂ12.

ದೊಡ್ಡ ಬೈಕುಗಳಲ್ಲಿ, ಅಂದರೆ ಆರ್1, ಝಡ್‌ಎಕ್ಸ್-10ಆರ್ ತರಹದವುಗಳಲ್ಲಿ, ಎಕ್ಸಾಸ್ಟ್ ಒಳಗೆ ಒಂದು ವಾಲ್ವ್ ಇರುತ್ತದೆ. ಕೇಬಲ್ ಎಳೆಯುವ ಸಣ್ಣ ಮೋಟಾರ್ ಅದನ್ನು ತಿರುಗಿಸುತ್ತದೆ. ಅದನ್ನು ತೆಗೆದರೆ ಮೀಟರಿನಲ್ಲಿ ಎಂಜಿನ್ ದೀಪ ಹೊತ್ತಿಕೊಳ್ಳುತ್ತದೆ. ಅದಕ್ಕೆ ಸರ್ವೋ ಎಲಿಮಿನೇಟರ್ ಅಂತ ಬೇರೆ ಪ್ಲಗ್ ಬೇಕು. 300–400 ಸಿಸಿ ಬೈಕಿಗೆ ಈ ಗೋಜು ಸಾಮಾನ್ಯವಾಗಿ ಇಲ್ಲ.

ಬಿಗಿಯುವ ಮುಂಚೆ ಕೂರಿಸಿ ನೋಡುವುದು

ಹೊಸ ಪೈಪು ಕೈಯಲ್ಲಿದ್ದರೆ ಎಲ್ಲರಿಗೂ ಆತುರ. ಬೇಗ ಬಿಗಿದು ಸ್ಟಾರ್ಟ್ ಮಾಡಿ ಸದ್ದು ಕೇಳುವಾಸೆ. ಸ್ವಲ್ಪ ತಡೆಯಿರಿ. ಮೊದಲು ಹಳೆಯ ಪ್ಯಾಕಿಂಗ್ ಪೂರ್ತಿ ಹೊರಗೆ ಬಂದಿದೆಯೋ ಟಾರ್ಚ್ ಹಾಕಿ ನೋಡಿ. ಎಂಜಿನ್ನಿನ ಹೊಗೆ ಹೊರಬರುವ ಪೋರ್ಟಿನ ಒಳಗೆ ಅದು ಲೋಹದ ಬಣ್ಣಕ್ಕೇ ತಿರುಗಿ, ಅಲ್ಲಿದೆ ಅಂತಲೇ ಗೊತ್ತಾಗದ ಹಾಗೆ ಅಂಟಿಕೊಂಡಿರುತ್ತದೆ. ಅದರ ಮೇಲೇ ಹೊಸದನ್ನು ಇಟ್ಟರೆ ಸೋರುವುದು ಗ್ಯಾರಂಟಿ. ಹೊಸ ಪ್ಯಾಕಿಂಗ್ ಕೆಳಗೆ ಬೀಳುತ್ತಿದ್ದರೆ ಅದರ ಹಿಂಬದಿಗೆ ಚೂರೇ ಚೂರು ಗ್ರೀಸ್ ಹಚ್ಚಿ ಒತ್ತಿ, ನಿಲ್ಲುತ್ತದೆ. ಆ ಗ್ರೀಸ್ ಮೊದಲ ಬಿಸಿಗೇ ಉರಿದು ಹೋಗುತ್ತದೆ.

ಹೆಡರ್ ನಟ್ಟುಗಳನ್ನು ಕೈಬೆರಳಿನಲ್ಲಿ ಮಾತ್ರ ತಿರುಗಿಸಿ. ಲಿಂಕ್ ಪೈಪು ಸಿಕ್ಕಿಸಿ. ಸೈಲೆನ್ಸರ್ ಸಿಕ್ಕಿಸಿ. ಬ್ರಾಕೆಟ್ ಬೋಲ್ಟು ಅರ್ಧ ಹಾಕಿ. ಇಷ್ಟೂ ಭಾಗ ಅಲುಗಾಡುವಂತೆಯೇ ಇರಬೇಕು. ಬ್ರಾಕೆಟ್ಟಿನ ತೂತು, ಸೈಲೆನ್ಸರಿನ ತೂತು ತಾವಾಗಿಯೇ ಎದುರುಬದುರಾದರೆ ಪೈಪು ಸರಿಯಾಗಿದೆ. ಮೊಣಕಾಲು ಕೊಟ್ಟು ತಳ್ಳಿ ಬೋಲ್ಟು ಹಾಕಬೇಕಾಯ್ತು ಅಂದರೆ ಎಲ್ಲೋ ಪೈಪು ತಿರುಗಿದೆ. ಆ ಒತ್ತಡದಲ್ಲೇ ಬಿಗಿದರೆ ಮುಂದೊಂದು ದಿನ ಬ್ರಾಕೆಟ್ ಬಿರುಕು ಬಿಡುತ್ತದೆ.

ಈಗ ಪ್ಲಾಸ್ಟಿಕ್ಕಿನ ಲೆಕ್ಕ. ಫೇರಿಂಗ್ ಮಾಡುವ ಎಬಿಎಸ್ ಪ್ಲಾಸ್ಟಿಕ್ 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ. ಹೆಡರ್ ಪೈಪಿನ ಮೈ ಹಲವು ನೂರು ಡಿಗ್ರಿ ಮುಟ್ಟುತ್ತದೆ. ಇವೆರಡರ ನಡುವೆ ಇರುವುದು ಗಾಳಿ ಮಾತ್ರ. ಹಾಗಾಗಿ ಹೆಡರ್ ಇರುವ ಕಡೆ 20–25 ಮಿಲಿಮೀಟರ್, ಹಿಂದೆ ಸೈಲೆನ್ಸರ್ ಕಡೆ ಕನಿಷ್ಠ 15 ಮಿಲಿಮೀಟರ್ ಸಂದು ಇರಲಿ ಅನ್ನುವುದು ನಾನು ಪಾಲಿಸುವ ಲೆಕ್ಕ.

ಕೌಲ್ ಹಾಕಿದ ಮೇಲೆ ಒಳಗಿನ ಸಂದು ಕಾಣುವುದಿಲ್ಲ, ಅಲ್ವಾ? ಅದಕ್ಕೆ ಅಡುಗೆಮನೆಯಲ್ಲಿ ಉಪಾಯವಿದೆ. ಗಟ್ಟಿಯಾಗಿ ಕಲಸಿದ ಚಪಾತಿ ಹಿಟ್ಟಿನಲ್ಲಿ ನಿಂಬೆ ಗಾತ್ರದ ಉಂಡೆ ಮಾಡಿ, ಪ್ಲಾಸ್ಟಿಕ್ ಹಾಳೆ ಸುತ್ತಿ, ಪೈಪು ಕೌಲ್‌ಗೆ ತೀರ ಹತ್ತಿರ ಬರುವ ನಾಲ್ಕೈದು ಕಡೆ ಪೈಪಿನ ಮೇಲೆ ಅಂಟಿಸಿ. ತಣ್ಣಗಿನ ಪೈಪಿನ ಮೇಲೆ ಅಂತ ಬೇರೆ ಹೇಳಬೇಕಿಲ್ಲ. ಕೌಲ್ ಇಟ್ಟು ಎರಡು ಮೂರು ಬೋಲ್ಟು ಹಾಕಿ, ಮತ್ತೆ ಬಿಚ್ಚಿ. ಹಿಟ್ಟು ಎಷ್ಟು ಚಪ್ಪಟೆಯಾಗಿದೆಯೋ ಅದೇ ನಿಮ್ಮ ಸಂದು. ಸ್ಕೇಲ್ ಹಿಡಿದು ಅಳೆಯಿರಿ. ಒಂದು ಉಂಡೆ ಪೇಪರಿನಷ್ಟು ತೆಳ್ಳಗಾಗಿದ್ದರೆ ಆ ಜಾಗ ಕರಗುವುದು ಖಂಡಿತ.

ಸಂದು ಕಡಿಮೆಯಿದ್ದರೆ ಮೊದಲು ಹೆಡರನ್ನೇ ಸ್ವಲ್ಪ ತಿರುಗಿಸಿ ನೋಡಿ. ನಟ್ಟು ಸಡಿಲ ಇರುವಾಗ ಅದಕ್ಕೆ ಎಷ್ಟೋ ಆಟವಿರುತ್ತದೆ. ಎರಡು ಮಿಲಿಮೀಟರ್ ಮುಂದೆ ತಿರುಗಿಸಿದರೆ ಕೆಳಗೆ ಹತ್ತು ಮಿಲಿಮೀಟರ್ ಸಿಗುತ್ತದೆ. ಅದೂ ಸಾಲದಿದ್ದರೆ ಕೌಲ್ ಬೋಲ್ಟಿನ ಹಿಂದೆ ವಾಷರ್ ಅಥವಾ ಸ್ಪೇಸರ್ ಹಾಕಿ ಕೌಲನ್ನು ಹೊರಕ್ಕೆ ತನ್ನಿ. ಒಳಗಡೆ ಅಲ್ಯೂಮಿನಿಯಂ ಹಾಳೆಯ, ಅಂಟು ಇರುವ ಹೀಟ್ ಶೀಲ್ಡ್ ಹಚ್ಚಿ. ಕಂಪನಿಯವರೂ ಅದನ್ನೇ ಹಚ್ಚಿರುತ್ತಾರೆ, ಕೌಲ್ ತಿರುಗಿಸಿ ನೋಡಿದರೆ ಬೆಳ್ಳಿ ಬಣ್ಣದ ತುಂಡು ಕಾಣುತ್ತದೆ. ಆದರೆ ಶೀಲ್ಡ್ ಇದೆ ಅಂತ ಪೈಪು ತಾಗಿದರೂ ನಡೆಯುತ್ತದೆ ಅಂದುಕೊಳ್ಳಬೇಡಿ.

ಪೈಪಿಗೆ ಬಟ್ಟೆ ಪಟ್ಟಿಯ ಹಾಗೆ ಹೀಟ್ ರ್‍ಯಾಪ್ ಸುತ್ತುವವರಿದ್ದಾರೆ. ನನಗೆ ಅದು ಇಷ್ಟವಿಲ್ಲ. ನಮ್ಮ ಮಳೆಗಾಲದಲ್ಲಿ ಅದು ನೀರು ಹಿಡಿದಿಟ್ಟುಕೊಳ್ಳುತ್ತದೆ, ಮಾಮೂಲಿ ಸ್ಟೀಲ್ ಪೈಪು ಒಳಗೊಳಗೇ ತುಕ್ಕು ತಿನ್ನುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ.

ಕೆಳಗಿನ ಕೌಲ್ ಕತ್ತರಿಸುವ ಆಸೆ ಬಂದರೆ ಇನ್ನೊಂದು ವಿಷಯ ನೆನಪಿಡಿ. ರೇಸಿನಲ್ಲಿ ಹೊಟ್ಟೆಯ ಕೆಳಗಿನ ಕೌಲ್ ಅಂದಕ್ಕಲ್ಲ, ಎಂಜಿನ್ ಒಡೆದರೆ ಆಯಿಲ್ ಟ್ರ್ಯಾಕಿಗೆ ಚೆಲ್ಲದೆ ಅದರಲ್ಲೇ ನಿಲ್ಲಲಿ ಅಂತ. ತಳದಲ್ಲಿ ತೂತು ಮಾಡಿದ ಬೈಕನ್ನು ಪರಿಶೀಲಕರು ಒಳಗೇ ಬಿಡದಿರಬಹುದು.

ಸುತ್ತಮುತ್ತಲಿನದ್ದೂ ನೋಡಿ. ಸ್ಯಾಡಲ್ ಮೇಲೆ ಇಬ್ಬರನ್ನು ಕೂರಿಸಿ ಸಸ್ಪೆನ್ಷನ್ ಪೂರ್ತಿ ಒತ್ತಿ, ಹಿಂದಿನ ಚಕ್ರ ಹಿಡಿದಿರುವ ಸ್ವಿಂಗ್ ಆರ್ಮ್ ಪೈಪಿಗೆ ತಾಗುತ್ತದೆಯೋ ನೋಡಿ. ಹಿಂದಿನ ಬ್ರೇಕ್ ಪೆಡಲ್ ಪೂರ್ತಿ ಕೆಳಗೆ ಹೋಗಬೇಕು. ಬ್ರೇಕ್ ಹೋಸ್, ಸೈಡ್ ಸ್ಟ್ಯಾಂಡ್ ಸ್ವಿಚ್ಚಿನ ವೈರು ಪೈಪಿನಿಂದ ದೂರ ಇರಬೇಕು. ಆಯಿಲ್ ಫಿಲ್ಟರ್ ಮತ್ತು ಡ್ರೈನ್ ಬೋಲ್ಟಿಗೆ ಸಾಕೆಟ್ ಹೋಗುವಷ್ಟು ಜಾಗ ಉಳಿದಿದೆಯೋ? ಇಲ್ಲದಿದ್ದರೆ ಪ್ರತಿ ಆಯಿಲ್ ಚೇಂಜಿಗೂ ಹೆಡರ್ ಬಿಚ್ಚಬೇಕಾಗುತ್ತದೆ.

ಬಿಗಿಯುವ ಸರದಿ

ಎಂಜಿನ್ ಕಡೆಯಿಂದ ಹಿಂದಕ್ಕೆ ಹೋಗಬೇಕು. ಮೊದಲು ಹೆಡರ್ ನಟ್ಟು, ಒಂದನ್ನೇ ಪೂರ್ತಿ ಬಿಗಿಯದೆ ಒಂದಾದ ಮೇಲೊಂದಕ್ಕೆ ಅರ್ಧರ್ಧ ಸುತ್ತು, ಪ್ಯಾಕಿಂಗ್ ಸಮನಾಗಿ ಒತ್ತುವಂತೆ. ಆಮೇಲೆ ಲಿಂಕ್ ಪೈಪು. ಆಮೇಲೆ ಸೈಲೆನ್ಸರ್ ಬ್ರಾಕೆಟ್. ಕ್ಲ್ಯಾಂಪ್ ಕೊನೆಗೆ. ಟಾರ್ಕ್ ಎಷ್ಟು ಅನ್ನುವುದನ್ನು ನಿಮ್ಮ ಬೈಕಿನ ಸರ್ವಿಸ್ ಮ್ಯಾನುಯಲ್‌ನಲ್ಲೇ ನೋಡಬೇಕು. ಸಾಮಾನ್ಯ ಅಂದಾಜಿಗೆ ಎಂ6 ಬೋಲ್ಟಿಗೆ 10 ನ್ಯೂಟನ್ ಮೀಟರ್ ಸುತ್ತ, ಎಂ8ಕ್ಕೆ 20ರ ಸುತ್ತ. ಗ್ಯಾರೇಜುಗಳಲ್ಲಿ ‘ಕೈಗೆ ಗೊತ್ತಾಗುತ್ತೆ ಸಾರ್’ ಅನ್ನುತ್ತಾರೆ. ಕ್ಲ್ಯಾಂಪಿಗೆ ಆ ಮಾತು ನಡೆಯುತ್ತದೆ, ಹೆಡರ್ ಸ್ಟಡ್ಡಿಗೆ ನಡೆಯುವುದಿಲ್ಲ.

ಥ್ರೆಡ್‌ಗಳಿಗೆ ಆ್ಯಂಟಿ ಸೀಜ್ ತೆಳ್ಳಗೆ ಹಚ್ಚಿ. ಪೇಸ್ಟ್ ಹಚ್ಚಿದ ಥ್ರೆಡ್ ಜಾರುವುದರಿಂದ ಅದೇ ಟಾರ್ಕಿಗೆ ಜಾಸ್ತಿ ಬಿಗಿಯುತ್ತದೆ, ಮ್ಯಾನುಯಲ್ ಹೇಳಿದ್ದಕ್ಕಿಂತ ತುಸು ಕಡಿಮೆಗೇ ನಿಲ್ಲಿಸಿ. ಸೆನ್ಸರಿನ ಥ್ರೆಡ್‌ಗೆ ಹಚ್ಚುವಾಗ ಅದರ ಮೂತಿಗೆ ತಾಗಬಾರದು, ತಾಗಿದರೆ ಸೆನ್ಸರ್ ಹಾಳು. ಲಾಕ್‌ಟೈಟ್ ಆಗಲಿ ನೈಲಾಕ್ ನಟ್ಟಾಗಲಿ ಹೆಡರ್ ಹತ್ತಿರ ಕೆಲಸಕ್ಕೆ ಬರುವುದಿಲ್ಲ. ಅಂಟು, ನೈಲಾನ್ ಎರಡೂ ಆ ಬಿಸಿಗೆ ಸೋಲುತ್ತವೆ. ಪೂರ್ತಿ ಲೋಹದ ಲಾಕ್ ನಟ್ಟು ಹಾಕಿ. ಡಿಬಿ ಕಿಲ್ಲರ್ ಹಿಡಿದಿಡುವ ಸಣ್ಣ ಬೋಲ್ಟಿಗೆ ಸೇಫ್ಟಿ ವೈರ್ ಸುತ್ತಿಬಿಡಿ. ಟ್ರ್ಯಾಕಿನ ನಡುವೆ ಅದು ಹಾರಿ ಹಿಂದಿನವರ ಹೆಲ್ಮೆಟ್ಟಿಗೆ ಬಡಿಯುವುದು ಯಾರಿಗೂ ಬೇಡ.

ಸ್ಪ್ರಿಂಗ್ ಎಳೆಯಲು ಕೊಕ್ಕೆ ಸಿಗದಿದ್ದರೆ ಗಟ್ಟಿ ನೈಲಾನ್ ಹಗ್ಗವನ್ನು ಸ್ಪ್ರಿಂಗಿನ ಬಾಯಿಗೆ ಪೋಣಿಸಿ ಎಳೆಯಿರಿ. ಕಟಿಂಗ್ ಪ್ಲೇಯರ್ ಬೇಡ. ಜಾರಿದರೆ ಪೈಪಿಗೆ ಗೀರು, ಬೆರಳಿಗೆ ಹೊಲಿಗೆ. ಕಣ್ಣಿಗೆ ಕನ್ನಡಕ ಹಾಕಿಕೊಂಡೇ ಮಾಡಿ.

ಕೊನೆಗೆ, ಸ್ಟಾರ್ಟ್ ಮಾಡುವ ಮುಂಚೆ, ಪೈಪನ್ನು ಪೂರ್ತಿ ಬ್ರೇಕ್ ಕ್ಲೀನರ್‌ನಿಂದ ಒರೆಸಿ. ಸ್ಟೇನ್‌ಲೆಸ್ ಸ್ಟೀಲ್, ಟೈಟಾನಿಯಂ ಮೇಲೆ ಬಿದ್ದ ಎಣ್ಣೆ ಕೈಯ ಗುರುತು ಮೊದಲ ಬಿಸಿಗೆ ಸುಟ್ಟು ಅಲ್ಲೇ ಉಳಿದುಬಿಡುತ್ತದೆ. ಹೊಳೆಯುವ ಪೈಪಿನ ಮೇಲೆ ಐದು ಬೆರಳು ಹೊತ್ತುಕೊಂಡು ತಿರುಗುವ ಬೈಕುಗಳು ಬೇಕಾದಷ್ಟಿವೆ.

ಮೊದಲ ಸ್ಟಾರ್ಟ್, ಸೋರಿಕೆ, ಇಸಿಯು

ಫೇರಿಂಗ್ ಇನ್ನೂ ಹಾಕಬೇಡಿ. ಬೈಕನ್ನು ಬಯಲಿಗೆ ತಳ್ಳಿಕೊಂಡು ಬನ್ನಿ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ, ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಬಾರದು. ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ. ಮೊದಲ ಕೆಲವು ನಿಮಿಷ ಸೈಲೆನ್ಸರ್ ಮೈಯಿಂದ ಹೊಗೆ ಬರುತ್ತದೆ, ಗಾಬರಿಯಾಗಬೇಡಿ. ತಯಾರಿಸುವಾಗಿನ ಎಣ್ಣೆ, ಒಳಗಿನ ಗ್ಲಾಸ್ ವುಲ್‌ನ ಅಂಟು ಉರಿಯುವ ಹೊಗೆ ಅದು.

ಎಂಜಿನ್ ತಣ್ಣಗಿರುವಾಗಲೇ ಸೋಪಿನ ನೀರನ್ನು ಜೋಡಣೆಗಳ ಮೇಲೆ ಸಿಂಪಡಿಸಿ, ಸ್ಟಾರ್ಟ್ ಮಾಡಿ, ಒದ್ದೆ ಬಟ್ಟೆ ಮಡಚಿ ಸೈಲೆನ್ಸರಿನ ಬಾಯಿಯನ್ನು ಒಂದೆರಡು ಕ್ಷಣ ಅರ್ಧ ಮುಚ್ಚಿ. ಸೋರುವ ಕಡೆ ಗುಳ್ಳೆ ಏಳುತ್ತದೆ. ಹೆಡರ್ ಹತ್ತಿರ ಟಿಕ್ ಟಿಕ್ ಅಂತ ಸದ್ದು ಬಂದರೂ ಅದು ಸೋರಿಕೆಯೇ.

ಸ್ವಲ್ಪ ಸೋರಿದರೆ ಏನಂತೆ ಅನ್ನುವವರಿಗೆ ಒಂದು ವಿಷಯ. ಪೈಪಿನೊಳಗೆ ಒತ್ತಡ ಸದಾ ಒಂದೇ ಸಮ ಇರುವುದಿಲ್ಲ, ಅಲೆ ಅಲೆಯಾಗಿ ಏರಿಳಿಯುತ್ತದೆ. ಥ್ರಾಟಲ್ ಬಿಟ್ಟಾಗ ಆ ಸಂದಿನಿಂದ ಹೊರಗಿನ ಗಾಳಿಯೇ ಒಳಗೆ ಹೋಗುತ್ತದೆ. ಸೆನ್ಸರ್ ಆ ಗಾಳಿಯ ಆಮ್ಲಜನಕ ನೋಡಿ ಪೆಟ್ರೋಲ್ ಕಡಿಮೆಯಾಯ್ತು ಅಂದುಕೊಳ್ಳುತ್ತದೆ. ಇಸಿಯು ಪೆಟ್ರೋಲ್ ಜಾಸ್ತಿ ಬಿಡುತ್ತದೆ. ಉರಿಯದೆ ಉಳಿದದ್ದು ಪೈಪಿನಲ್ಲಿ ಹೊರಗಿನ ಗಾಳಿ ಸಿಕ್ಕ ಕೂಡಲೇ ಪಟ್ ಪಟ್ ಅಂತ ಸಿಡಿಯುತ್ತದೆ. ಹುಡುಗರು ಅದನ್ನೇ ರೇಸಿಂಗ್ ಸೌಂಡ್ ಅಂತ ಖುಷಿಪಡುತ್ತಾರೆ. ಮೈಲೇಜ್ ಬಿದ್ದದ್ದಕ್ಕೆ ಪೆಟ್ರೋಲ್ ಬಂಕಿನವರನ್ನು ಬೈಯುತ್ತಾರೆ.

ಸ್ಲಿಪ್ ಆನ್ ಆದರೆ ಸಾಮಾನ್ಯವಾಗಿ ಕಂಪನಿ ಇಸಿಯುವೇ ನಿಭಾಯಿಸುತ್ತದೆ. ಫುಲ್ ಸಿಸ್ಟಮ್‌ಗೆ ಹಾಗಲ್ಲ. ಇಸಿಯು ಸೆನ್ಸರ್ ನೋಡಿ ತಿದ್ದಿಕೊಳ್ಳುವುದು ನಿಧಾನವಾಗಿ ಓಡಿಸುವಾಗ. ಥ್ರಾಟಲ್ ಪೂರ್ತಿ ತಿರುಗಿಸಿದಾಗ ಅದು ಮೊದಲೇ ಬರೆದಿಟ್ಟ ಲೆಕ್ಕದ ಪ್ರಕಾರ ಪೆಟ್ರೋಲ್ ಬಿಡುತ್ತದೆ. ಟ್ರ್ಯಾಕಿನಲ್ಲಿ ಇಡೀ ಹೊತ್ತು ಥ್ರಾಟಲ್ ಅಲ್ಲೇ ಇರುತ್ತದೆ. ಹೊಸ ಪೈಪಿಗೆ ಆ ಹಳೆಯ ಲೆಕ್ಕ ಸಾಲದೆ ಎಂಜಿನ್ ಬಿಸಿಯಾಗಬಹುದು. ಬೆಂಗಳೂರಿನಲ್ಲೇ ತಯಾರಾಗುವ ಪವರ್‌ಟ್ರಾನಿಕ್, ಹೊರಗಿನ ಪವರ್ ಕಮಾಂಡರ್ ತರಹದ ಪೆಟ್ಟಿಗೆಗಳು ಇದಕ್ಕೇ ಇರುವುದು. ಹಾಕಿಸುವುದಾದರೆ ಡೈನೋ (ಬೈಕಿನ ಪವರ್ ಅಳೆಯುವ ಯಂತ್ರ) ಇರುವ ಕಡೆಯೇ ಟ್ಯೂನ್ ಮಾಡಿಸಿ. ಇಂಟರ್ನೆಟ್ಟಿನಲ್ಲಿ ಸಿಕ್ಕ ಮ್ಯಾಪ್, ಅಂದರೆ ಪೆಟ್ರೋಲಿನ ಲೆಕ್ಕದ ಪಟ್ಟಿ, ಹಾಕಿಕೊಳ್ಳುವುದಕ್ಕಿಂತ ಸ್ಲಿಪ್ ಆನ್‌ನಲ್ಲೇ ಇರುವುದು ಮೇಲು.

ಫೇರಿಂಗ್ ವಾಪಸ್, ಆಮೇಲಿನದ್ದು

ಬಿಚ್ಚಿದ್ದಕ್ಕೆ ಉಲ್ಟಾ ಸರದಿಯಲ್ಲಿ ಹಾಕಿ. ಮೊದಲು ಇಂಡಿಕೇಟರ್ ಕನೆಕ್ಟರ್, ಆಮೇಲೆ ರಬ್ಬರಿಗೆ ಮೂತಿಗಳು, ಆಮೇಲೆ ಬೋಲ್ಟು. ಎಲ್ಲ ಬೋಲ್ಟನ್ನೂ ಬೆರಳಿನಲ್ಲಿ ಹಿಡಿಸಿದ ಮೇಲಷ್ಟೇ ಕೀ ಹಾಕಿ. ಇಂಡಿಕೇಟರ್, ಹಾರ್ನ್ ಒಮ್ಮೆ ನೋಡಿ. ರೇಡಿಯೇಟರ್ ಬೋಲ್ಟು ಹಾಕಿದ್ದೀರಾ? ಬಹಳ ಜನ ಮರೆಯುವುದು ಅದನ್ನೇ.

ಟ್ರ್ಯಾಕಿನಲ್ಲಿ ಮೊದಲ ಸೆಷನ್ ಮುಗಿಸಿ ಬಂದ ಕೂಡಲೇ ಕೌಲ್‌ನ ಹೊರಮೈಗೆ ಅಂಗೈ ಹತ್ತಿರ ತನ್ನಿ. ಒಂದೇ ಜಾಗ ಮಾತ್ರ ವಿಪರೀತ ಬಿಸಿಯಿದ್ದರೆ, ಪೇಂಟ್ ಮಂಕಾಗಿದ್ದರೆ, ಅಲ್ಲಿ ಸಂದು ಸಾಲದು. ಬೈಕು ಪೂರ್ತಿ ತಣ್ಣಗಾದ ಮೇಲೆ ಎಲ್ಲ ನಟ್ಟಿಗೂ ಇನ್ನೊಮ್ಮೆ ಟಾರ್ಕ್ ರೆಂಚ್ ಹಾಕಿ. ಬಿಸಿಯಾಗಿ ತಣ್ಣಗಾದಾಗ ಪ್ಯಾಕಿಂಗ್ ಕೂರುತ್ತದೆ, ನಟ್ಟು ಸಡಿಲವಾಗುತ್ತದೆ. ಇದು ಎಷ್ಟೇ ಚೆನ್ನಾಗಿ ಬಿಗಿದರೂ ಆಗುವುದೇ.

ತೆಗೆದಿಟ್ಟ ಕಂಪನಿ ಸೈಲೆನ್ಸರನ್ನು ಬಾಯಿ ಕೆಳಗೆ ಮಾಡಿ ಒಳಗಿನ ನೀರು ಬಸಿದು, ಒಣಗಿಸಿ, ಎರಡೂ ಬಾಯಿಗೆ ಬಟ್ಟೆ ತುರುಕಿ, ಹಳೆಯ ಬೆಡ್‌ಶೀಟ್ ಸುತ್ತಿಡಿ. ಅದರ ಬೋಲ್ಟು, ಬುಷ್, ಕ್ಲ್ಯಾಂಪ್ ಒಂದು ಚೀಲಕ್ಕೆ ಹಾಕಿ ಅದಕ್ಕೇ ಕಟ್ಟಿ. ಕಂಪನಿಯದ್ದಕ್ಕೆ ಬೇಕಾದ ಹೊಸ ಪ್ಯಾಕಿಂಗ್ ಒಂದು ಸೆಟ್ ಈಗಲೇ ತಂದು ಅದೇ ಚೀಲಕ್ಕೆ ಸೇರಿಸಿ. ಭಾನುವಾರ ಸಂಜೆ ಇರುಂಗಾಟ್ಟುಕೋಟ್ಟೈಯ ಪಿಟ್‌ನಲ್ಲಿ ನಿಂತು ನಿಂಜಾ ಪ್ಯಾಕಿಂಗ್ ಹುಡುಕಿದರೆ ಯಾವ ಅಂಗಡಿಯೂ ತೆರೆದಿರುವುದಿಲ್ಲ.